ಹೊತ್ತು ಮುಳುಗಿದ ಮೇಲೆ ಬಂದ ಊಟ

ಹಾಸನ
೩೦-೧೦-೧೯೫೮

ಅಪ್ಪನವರ ಪಾದಗಳಿಗೆ ಇಂದ್ರಕುಮಾರ ಮಾಡುವ ನಮಸ್ಕಾರ.

ಕಾರಿನ ಬೀಗದ ಕೈಯನ್ನು ಅಮ್ಮನಿಗೆ ಕೊಟ್ಟು ಬಂದಿದ್ದೇನೆ. ಇಲ್ಲಿ ಲಾರಿಯೊಂದರಲ್ಲಿ ಕೆಲಸ ಸಿಕ್ಕಿದೆ.

ಬ್ರಾಹ್ಮಿ ಅಕ್ಕನಿಗೆ ಗಂಡು ನೋಡಲು, ದಸರೆ ಮುಗಿದ ಮರುದಿನ, ಅವಳನ್ನು ಮನೆಯಲ್ಲೇ ಬಿಟ್ಟು, ಚನ್ನರಾಯಪಟ್ಟಣದಿಂದ ತಾತನ ಕಾರಿನಲ್ಲಿ ಹೊರಟೆವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಮೂರು ದಿನವೂ ನಾನೇ ಓಡಿಸಿದೆ. ಆ ಮುದಿ ಕಾರು ಒಮ್ಮೆಯೂ ನನ್ನ ಮಾತು ಮೀರಲಿಲ್ಲ. ಹೋದ ಮನೆಯವರೆಲ್ಲ ನನ್ನನ್ನು ಡ್ರೈವರ್ ಎಂದುಕೊಂಡರು. ನೀವು ಅಲ್ಲವೆನ್ನಲಿಲ್ಲ. ಸ್ಕೂಲು ಬಿಟ್ಟ ಮಗನಿಗಿಂತ ಡ್ರೈವರ್ ಇರುವುದೇ ನಿಮಗೆ ಮರ್ಯಾದೆ ಅನ್ನಿಸಿತು. ಅಕ್ಕನ ಸಲುವಾಗಿ ನಾನೂ ಸುಮ್ಮನಿದ್ದೆ.

ಅರಕಲಗೂಡಿನಲ್ಲಿ ನೀವೆಲ್ಲ ಬೆಳಕಿರುವಾಗಲೇ ಉಂಡಿರಿ. ಡ್ರೈವರಿಗೆ ಆಮೇಲೆ ಎಂದರು. ದೀಪ ಹಚ್ಚಿದ ಮೇಲೆ ಗಂಡಿನ ತಾಯಿ ಕಾರಿನ ಬಳಿಗೆ ಊಟದೆಲೆ ತಂದರು.

"ಹೊತ್ತು ಮುಳುಗೈತೆ, ಉಣ್ಣಲ್ಲ ಕಣಮ್ಮ" ಎಂದೆ.

"ಅಯ್ಯೋ, ನೀನೂ ನಮ್ಮ ಜೈನರ ಹುಡ್ಗನಾ? ಯಾರ ಮಗನಪ್ಪಾ?"

ಕಾರಿನ ಮುಂದೆ ನಿಂತಿದ್ದ ನಿಮ್ಮನ್ನು ನಾನು ನೋಡಿದೆ. ನೀವು ಉತ್ತರೀಯದಿಂದ ಕಾರಿನ ದೀಪ ಒರೆಸತೊಡಗಿದಿರಿ. "ಇವರ ಮಗ" ಎಂದು ನಾನೇ ಹೇಳಬೇಕಾಯಿತು.

"ಅಕ್ಕನ ಮದ್ವೆಗೆ ಕಲ್ಲು ಹಾಕ್ಬುಟ್ಟೆ ಕಣ್ಲಾ" ಎಂದು ದಾರಿಯುದ್ದಕ್ಕೂ ಬೈದಿರಿ. ಅವರು ಒಲ್ಲೆವೆಂದು ಬರೆದರೆ, ಅಕ್ಕನಿಗೆ ಕಾರಣವನ್ನು ಪೂರ್ತಿ ಹೇಳಿ. ನಾನು ಆಡಿದ ಮಾತನ್ನೂ ಹೇಳಿ, ನೀವು ಆಡದ ಮಾತನ್ನೂ ಹೇಳಿ.

ಇನ್ನೊಬ್ಬ ಡ್ರೈವರನ್ನು ಗೊತ್ತುಮಾಡಿಕೊಳ್ಳಿ. ಏರು ಹತ್ತುವ ಮುಂಚೆ ರೇಡಿಯೇಟರಿಗೆ ನೀರು ಹಾಕಲು ತಿಳಿಸಿ. ಅವನು ಯಾರ ಮಗನಾದರೂ ಸರಿ, ಹೊತ್ತಿರುವಾಗಲೇ ಊಟಕ್ಕೆ ಕರೆಯಿರಿ.

ನಿಮ್ಮ ಮಗ,
ಇಂದ್ರಕುಮಾರ