ಬಲಗಡೆ ಓಡಿಸುವ ದೇಶಕ್ಕೆ

ಫೆಬ್ರವರಿ 9, ಸಂಜೆ

ಇವತ್ತೂ ಅರ್ಧ ಗಂಟೆ ಅಭ್ಯಾಸ. ಅಡುಗೆಮನೆಯಲ್ಲಿ ಕುರ್ಚಿ, ಕೈಯಲ್ಲಿ ಊಟದ ತಟ್ಟೆ — ಅದೇ ಸ್ಟೇರಿಂಗು. ಗೇರು ಬಲಗೈಯಲ್ಲಿ. ಮಗಳು ಎದುರು ನಿಂತು ಟ್ರಾಫಿಕ್ ಪೊಲೀಸ್. ತಟ್ಟೆ ಎಡಕ್ಕೆ ವಾಲಿದರೆ ಸೌಟಿನಿಂದ ಒಂದು ಏಟು. ಹನ್ನೊಂದು ವರ್ಷ ಸಿಟಿ ಬಸ್ಸು ಓಡಿಸಿದವಳು, ಏಳನೇ ಕ್ಲಾಸಿನವಳ ಕೈಯಲ್ಲಿ ಹೊಡೆಸಿಕೊಳ್ಳುತ್ತಿದ್ದೇನೆ.

ನಮ್ಮವರು ಇರುವ ದೇಶದಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಗಡೆ. ಇಷ್ಟು ವರ್ಷ ಕೈಕಾಲು ಕಲಿತದ್ದನ್ನೆಲ್ಲ ಮರೆಸಬೇಕು. ಅಲ್ಲಿನ ಬಸ್ ಡ್ರೈವರ್ ಕೆಲಸಕ್ಕೆ ನಾಡಿದ್ದು ಮೊದಲ ಇಂಟರ್‌ವ್ಯೂ. ಕೂತಲ್ಲಿ ಕೂರಲಾಗುತ್ತಿಲ್ಲ.

ಫೆಬ್ರವರಿ 11, ಮಧ್ಯಾಹ್ನ

ಆಯ್ತು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತೆ. ಆ ಕಡೆ ಇಬ್ಬರು — ಬಸ್ ಕಂಪನಿಯವನೊಬ್ಬ, ಕನ್ನಡಕದ ಹೆಂಗಸೊಬ್ಬಳು. ನನ್ನ ಇಂಗ್ಲಿಷು ತಡವರಿಸಿತು, ನಿಲ್ಲಲಿಲ್ಲ. ಆಕ್ಸಿಡೆಂಟ್ ಏನಾದರೂ? ಕೂದಲೆಳೆಯಲ್ಲಿ ತಪ್ಪಿದ್ದಾದರೂ? ಹನ್ನೊಂದು ವರ್ಷದಲ್ಲಿ ಒಂದೂ ಇಲ್ಲ ಎಂದೆ. ಎದೆಯುಬ್ಬಿಸಿಕೊಂಡೇ ಹೇಳಿದೆ. ನಿಜ ತಾನೇ.

ನಮ್ಮವರಿಗೆ ಫೋನ್ ಮಾಡಿದೆ. ಅವರಿಗೆ ಎರಡು ವರ್ಷದಿಂದ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸ, ಒಂದು ರೂಮಿನಲ್ಲಿ ನಾಲ್ಕು ಜನ. ನನಗೂ ಅಲ್ಲಿ ಕೆಲಸ ಸಿಕ್ಕರಷ್ಟೇ ನಾನೂ ಮಗಳೂ ಹೋಗಬಹುದು. ನಮ್ಮದೇ ಬಾಗಿಲಿರುವ ಮನೆ ಹುಡುಕಿಡುತ್ತೇನೆ ಎಂದು ನಕ್ಕರು.

ಫೆಬ್ರವರಿ 14

ಎರಡನೇ ಸುತ್ತಿಗೆ ಕರೆದಿದ್ದಾರೆ. 26ಕ್ಕೆ!

ಈಗ ನಡೆಯುವಾಗಲೂ ಬಲಗಡೆಯೇ. ಫುಟ್‌ಪಾತಿನಲ್ಲಿ ಇಬ್ಬರಿಗೆ ಡಿಕ್ಕಿ. ಒಬ್ಬಳು ಕಣ್ಣು ನೆತ್ತಿ ಮೇಲಿದೆಯಾ ಎಂದಳು. ಸೀಟಿ ಅಣ್ಣನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗು. ಆರು ವರ್ಷದಿಂದ ನನ್ನ ಬಸ್ಸಿಗೆ ಅವರೇ ಕಂಡಕ್ಟರ್. ಇನ್ನು ಎಂಟು ತಿಂಗಳಿಗೆ ರಿಟೈರು. ಸೀಟಿ ಊದುವುದರಲ್ಲಿ ಅವರನ್ನು ಬಿಟ್ಟರಿಲ್ಲ, ಅದಕ್ಕೇ ಆ ಹೆಸರು.

ಫೆಬ್ರವರಿ 19, ಬೆಳಿಗ್ಗೆ 11

ಡಿಪೋದ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಗಿನ ಮೊದಲ ಟ್ರಿಪ್ಪು. ಆಸ್ಪತ್ರೆ ಸರ್ಕಲ್. ರಸ್ತೆ ಖಾಲಿ. ತಿರುಗಿಸಿದೆ — ನೇರ ರಸ್ತೆಯ ಬಲಗಡೆಗೆ. ಗೊತ್ತೇ ಆಗಲಿಲ್ಲ! ಹಿಂದಿನಿಂದ ಸೀಟಿ, ಸೀಟಿಯ ಮೇಲೆ ಸೀಟಿ... ಎದುರಿಗೆ ಸೈಕಲ್ಲು. ಬ್ರೇಕ್ ಒತ್ತಿದೆ. ಸೈಕಲ್ಲಿನ ಅಜ್ಜ ಚರಂಡಿ ಅಂಚಿಗೆ ಬಿದ್ದ. ಇಳಿದು ಓಡಿದೆ. ಮೊಣಕೈ ತರಚಿತ್ತು, ಅಷ್ಟೇ. ನನ್ನ ವಂಶವನ್ನೆಲ್ಲ ಬೈದು, ಸೈಕಲ್ ಎತ್ತಿಕೊಂಡು ಹೋದ.

ಬಸ್ಸಿನಲ್ಲಿ ಮೂವರೇ ಇದ್ದರು, ತೂಕಡಿಸುತ್ತ. ನಾಯಿ ಅಡ್ಡ ಬಂತು ಎಂದು ಸೀಟಿ ಅಣ್ಣ ಅವರಿಗೆ ಹೇಳಿದರು. ಇಂಥದ್ದಾದರೆ ಡ್ರೈವರೂ ಕಂಡಕ್ಟರೂ ಡಿಪೋದಲ್ಲಿ ಬರೆದುಕೊಡಲೇಬೇಕು. ಬರೆಯಲಿಲ್ಲ.

"ನಾನೇನೂ ನೋಡಿಲ್ಲ ಕಣಮ್ಮ. ನೀನೂ ಮರ್ತುಬಿಡು," ಎಂದರು.

ಫೆಬ್ರವರಿ 24

ಐದು ದಿನ ಏನೂ ಬರೆದಿಲ್ಲ. ತಟ್ಟೆ ಹಿಡಿದಿಲ್ಲ. ಮಗಳು ಸೌಟು ಹಿಡಿದುಕೊಂಡು ಬಂದಳು, ಗದರಿದೆ. ಪಾಪ.

ಆ ಸರ್ಕಲ್ ಬಂದರೆ ಎಡ, ಎಡ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ಅಜ್ಜ ಕಾಣುತ್ತಾನೇನೋ ಎಂದು ನೋಡುತ್ತೇನೆ. ಕಂಡರೆ ಏನು ಮಾಡುತ್ತೇನೋ ಗೊತ್ತಿಲ್ಲ. ಅಲ್ಲಿಗೆ ಹೋಗುವ ಆತುರದಲ್ಲಿ ಇಲ್ಲೊಬ್ಬನನ್ನು ಕೊಂದೇಬಿಡುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯ.

ಫೆಬ್ರವರಿ 26, ಸಂಜೆ

ಹೇಳಿಬಿಟ್ಟೆ.

ಅದೇ ಇಬ್ಬರು. ಹೋದ ಸಲ ಒಂದೂ ಇಲ್ಲ ಎಂದಿದ್ದಿರಿ, ಈಗಲೂ ಅದೇ ಉತ್ತರವೇ ಎಂದು ಕೇಳಿದಳು ಕನ್ನಡಕದವಳು. ಸುಮ್ಮನೆ ಹೌದು ಎಂದರೆ ಮುಗಿಯುತ್ತಿತ್ತು. ಒಂದಿದೆ, ಹೋದ ವಾರದ್ದು ಎಂದೆ. ಯಾಕಾಯಿತು? ನಿಮ್ಮ ರಸ್ತೆಗೆ ಅಭ್ಯಾಸ ಮಾಡುತ್ತಿದ್ದೆ, ಅದಕ್ಕೇ ಆಯಿತು. ಕಂಪನಿಯವನು ಪೆನ್ನು ಕೆಳಗಿಟ್ಟ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಡಿಪೋ ಮ್ಯಾನೇಜರರ ಪತ್ರ ಬೇಕು, ಅದರಲ್ಲಿ ಇದೂ ಇರಬೇಕು ಎಂದಳು. ಇದ್ದರೆ ಯೋಚಿಸುತ್ತಾರಂತೆ. ಇಲ್ಲದಿದ್ದರೆ ಇಲ್ಲಿಗೇ ಮುಗಿಯಿತಂತೆ. ಯೋಚಿಸುತ್ತಾರೆ... ಅಷ್ಟೇ!

ಮ್ಯಾನೇಜರರಿಗೆ ಹೇಳಿದರೆ, ಮುಚ್ಚಿಟ್ಟದ್ದಕ್ಕೆ ನನಗೆ ಸಸ್ಪೆನ್ಷನ್ನು. ಅಲ್ಲಿನ ಕೆಲಸವೂ ಸಿಗದೆ ಇಲ್ಲಿನದೂ ಹೋಗಬಹುದು. ಸೀಟಿ ಅಣ್ಣನಿಗೆ? ಪೆನ್ಷನ್ನಿಗೇ ಸಂಚಕಾರ.

ನಮ್ಮವರಿಗೆ ಹೇಳಿದೆ. ಇನ್ನೊಂದು ಸಲ ಹೇಳು ಎಂದರು. ಆಮೇಲೆ —

"ಯಾರೂ ನೋಡಿರ್ಲಿಲ್ಲ. ಯಾಕೆ ಬಾಯಿ ಬಿಟ್ಟೆ?"

"ಕೇಳಿದ್ರು."

ಮಗಳ ಹತ್ತಿರ ಮಾತಾಡದೆ ಫೋನ್ ಇಟ್ಟರು. ಎರಡು ವರ್ಷದಲ್ಲಿ ಇದೇ ಮೊದಲು. ಕೋಪ ಬಂತು, ಅಳುವೂ ಬಂತು. ಅವರಿಗೂ ಸಾಕಾಗಿದೆ, ಗೊತ್ತು.

ಫೆಬ್ರವರಿ 27

ಸೀಟಿ ಅಣ್ಣನಿಗೆ ಎಲ್ಲ ಹೇಳಿದೆ. ನಾಡಿದ್ದು ಹೋಗಿ ನಾನೊಬ್ಬಳೇ ಒಪ್ಪಿಕೊಳ್ಳುತ್ತೇನೆ, ನೀವು ಹಿಂದೆ ಟಿಕೆಟ್ ಕೊಡುತ್ತಿದ್ದಿರಿ, ಏನೂ ನೋಡಿಲ್ಲ ಎಂದು ಬರೆದುಕೊಡುತ್ತೇನೆ ಎಂದೆ. ಎದ್ದು ಬಸ್ಸು ಹತ್ತಿದರು. ನಾಲ್ಕು ಟ್ರಿಪ್ಪಿನುದ್ದಕ್ಕೂ ಬರೀ ಸೀಟಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರ್ಚ್ 1, ಬೆಳಿಗ್ಗೆ 10.20

ಮ್ಯಾನೇಜರರ ರೂಮಿನ ಹೊರಗೆ ಬೆಂಚು. ತಪ್ಪೊಪ್ಪಿಕೊಂಡು ಬರೆದ ಅರ್ಜಿ ಮಡಿಚಿ ಮಡಿಚಿ ಅಂಚು ಹರಿಯುತ್ತಿದೆ. ಎರಡು ಸಲ ಎದ್ದು ಗೇಟಿನವರೆಗೆ ಹೋಗಿ ಬಂದೆ. ಕೈ ಸುಮ್ಮನಿರಲಿ ಎಂದು ಬರೆಯುತ್ತಿದ್ದೇನೆ.

ಸೀಟಿ ಅಣ್ಣ ಬಂದರು! ಇವತ್ತು ಅವರಿಗೆ ವೀಕ್ಲಿ ಆಫ್. ಆದರೂ ಯೂನಿಫಾರ್ಮು, ಇಸ್ತ್ರಿ ಮಾಡಿದ್ದು. ಬಂದು ಪಕ್ಕದಲ್ಲಿ ಕೂತರು. ತಲೆ ಕೆಟ್ಟಿದೆಯಾ, ಮನೆಗೆ ಹೋಗಿ, ಇನ್ನು ಎಂಟು ತಿಂಗಳು ನೆಟ್ಟಗೆ ಕಳೆಯಬಾರದಾ ಎಂದು ಮೆಲ್ಲಗೆ ಗದರಿದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ನಿನ್ನೊಬ್ಬಳನ್ನೇ ಒಳಗೆ ಕಳಿಸಿ, ಎಂಟು ತಿಂಗಳು ನಿನ್ನ ಮುಖ ನೋಡ್ಕೊಂಡು ಸೀಟಿ ಊದೋಕೆ ನನ್ನಿಂದ ಆಗಲ್ಲಮ್ಮ," ಎಂದರು.

ಒಳಗೆ ಬೆಲ್ ಆಯಿತು. ಪ್ಯೂನ್ ಬಾಗಿಲು ತೆರೆದ. ಕರೆದದ್ದು ನನ್ನೊಬ್ಬಳನ್ನೇ. ಎದ್ದವರು ಇಬ್ಬರು —