ಬಾರದೇ ಹೋದ ಹುಳುವಿನ ಲೆಕ್ಕ

ಪ್ರಯೋಜನ ಅಳೆಯುವ ಮಾನ್ಯರೇ,

ಹುಳಿಯಾರು ರಸ್ತೆಯಲ್ಲಿರುವ ವಿಶ್ವವಿದ್ಯಾಲಯದ ಕೀಟ ಸಾಕಣೆ ಕೇಂದ್ರದಿಂದ ಸುತ್ತಲಿನ ಜನರಿಗೆ "ಗಮನಾರ್ಹ ಪ್ರಯೋಜನ ಕಂಡುಬಂದಿಲ್ಲ" ಎಂದು ತಮ್ಮ ಸಾರ್ವಜನಿಕ ಪ್ರಯೋಜನ ಮಾಪನ ವಿಭಾಗ ತೀರ್ಮಾನಿಸಿದೆ. ಯುಗಾದಿಯೊಳಗೆ ಅದಕ್ಕೆ ಬೀಗ ಬೀಳಲಿದೆಯಂತೆ. ತಮ್ಮ ತೀರ್ಮಾನಕ್ಕೆ ಆಧಾರ ನಮ್ಮದೇ ಬಾಯಿಂದ ಬಂದ ಮಾತು. ಆದ್ದರಿಂದ ಇದು ದೂರೋ, ಕ್ಷಮಾಪಣೆಯೋ, ಬರೀ ಗೋಳೋ ನನಗೇ ತಿಳಿಯದು. ಮೂರನ್ನೂ ಕೂಡಿಸಿ ಓದಿಕೊಳ್ಳಿ.

ನಾನು ಹಂದನಕೆರೆಯ ತೆಂಗಿನ ತೋಟದ ಮನೆಗೆ ಸೊಸೆಯಾಗಿ ಬಂದವಳು. ಕಪ್ಪುತಲೆ ಹುಳು ಬಿದ್ದರೆ ತೆಂಗಿನ ಗತಿ ಏನೆಂದು ತಮಗೆ ನಾನು ಹೇಳಬೇಕಾಗಿಲ್ಲ. ತಮ್ಮ ವಿಶ್ವವಿದ್ಯಾಲಯದಲ್ಲಿ ಕೀಟಗಳಿಗೆಂದೇ ಒಂದು ವಿಭಾಗವಿದೆ. ಆದರೆ ತಮ್ಮ ವಿಭಾಗಗಳು ಒಂದಕ್ಕೊಂದು ಮಾತಾಡುವಂತೆ ತೋರುವುದಿಲ್ಲ, ಅದಕ್ಕೇ ಹೇಳುತ್ತೇನೆ. ಹುಳು ಗರಿಯ ಅಡಿ ಸೇರಿ ಹಸಿರನ್ನೆಲ್ಲ ಕೆರೆದು ತಿನ್ನುತ್ತದೆ. ಕೆಳಗಿನ ಗರಿಯಿಂದ ಶುರುವಾಗಿ ಇಡೀ ತೋಟ ಬೆಂಕಿ ಬಿದ್ದು ಆರಿದ ಹಾಗೆ ಕಾಣುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ತೋಟ ಹಾಗಾಗಿತ್ತು. ನನ್ನ ಅತ್ತೆ ಚಿಕ್ಕಗೌರಮ್ಮ ಬದುವಿನ ಮೇಲೆ ಕೂತು, ಮನೆಯಲ್ಲಿ ಸಾವಾದವರ ಹಾಗೆ ಅತ್ತಿದ್ದರು.

ಆಗ ಆ ಕೇಂದ್ರದವರು ಬಂದರು. ಗಾಜಿನ ಕೊಳವೆಗಳಲ್ಲಿ ಇರುವೆಗಿಂತ ಸಣ್ಣ ಕಣಜಗಳನ್ನು ತಂದು ಮರಗಳಿಗೆ ಬಿಟ್ಟರು. ಅವು ಮೇಲೆ ಹತ್ತಿ, ಹುಳುವನ್ನು ಹುಡುಕಿ ಚುಚ್ಚಿ, ಅದರ ಮೈಮೇಲೆಯೇ ಮೊಟ್ಟೆಯಿಡುತ್ತವೆ. ಮರಿಗಳಿಗೆ ಆ ಹುಳುವೇ ಊಟ. ನಿಧಾನವಾಗಿ ಹೊಸ ಗರಿಗಳು ಹಸಿರಾಗಿ ಬಂದವು. ಅಲ್ಲಿಂದೀಚೆಗೆ ಬೇಸಿಗೆಗೆ ಮುಂಚೆ ನಾವು ಕೊಳವೆ ತರುತ್ತೇವೆ, ಬಿಡುತ್ತೇವೆ, ಹುಳು ಬರುವುದಿಲ್ಲ. ಕಣಜಗಳಿಗೆ ಬೇಲಿ ಗೊತ್ತಿಲ್ಲವಾದ್ದರಿಂದ ಕೊಳವೆ ತರದವರ ತೋಟಕ್ಕೂ ಅವೇ ಕಾವಲು.

ಈಗ ಹೇಳಿ ಮಾನ್ಯರೇ, ಬಾರದೇ ಹೋದ ಹುಳುವನ್ನು ತಾವು ಯಾವ ಕಾಲಮ್ಮಿನಲ್ಲಿ ತುಂಬುತ್ತೀರಿ? ತಾವು ಪ್ರಯೋಜನಗಳನ್ನು ಪಟ್ಟಿ ಮಾಡಿ ಅಚ್ಚು ಹಾಕಿಸಿದ ಬಣ್ಣದ ಕಿರುಹೊತ್ತಿಗೆಯನ್ನು ನಾನೂ ತಿರುವಿ ಹಾಕಿದ್ದೇನೆ. ಡ್ರೋನ್ ಹಾರಿಸಿದ ದಿನ ಕತ್ತೆತ್ತಿ ನೋಡಿದವರು ಅದರಲ್ಲಿ ಫಲಾನುಭವಿಗಳು. ಟೋಪಿ ಹಾಕಿಕೊಂಡು ಜಾಥಾದಲ್ಲಿ ನಡೆದು ಉಪ್ಪಿಟ್ಟು ತಿಂದವರು ಫಲಾನುಭವಿಗಳು. ಕೀಟ ಕೇಂದ್ರದ ಒಂದು ಫೋಟೋ ಕೂಡ ಇಲ್ಲ. ಇರುವುದಾದರೂ ಹೇಗೆ? ಹಸಿರಾಗಿರುವ ತೋಟದ ಫೋಟೋ ತೆಗೆದರೆ ಅದು ಬರೀ ತೋಟದ ಫೋಟೋ. ಉರಿದು ಹೋಗಬೇಕಿದ್ದ ತೋಟ ಇದು ಎಂದು ಅದರ ಹಣೆಯ ಮೇಲೆ ಬರೆದಿರುತ್ತದೆಯೇ?

ಇರಲಿ, ತಾವು ಸುಮ್ಮನೆ ಕೂರಲಿಲ್ಲ, ಮನೆಮನೆಗೆ ಕೇಳಲು ಕಳಿಸಿದಿರಿ. ನಮ್ಮ ಮನೆಗೆ ಜೀವಿತಾ ಎಂಬ ಹುಡುಗಿ ಟ್ಯಾಬ್ ಹಿಡಿದು ಬಂದಳು. ಒಳ್ಳೆಯ ಹುಡುಗಿ, ಬಿಸಿಲಲ್ಲಿ ಬಾಡಿಹೋಗಿದ್ದಳು. ಎಳನೀರು ಕೊಚ್ಚಿ ಕೊಟ್ಟೆವು. ಕುಡಿದು, ಬಾಯಿ ಒರೆಸಿಕೊಂಡು, ಅತ್ತೆಯನ್ನು ಕೇಳಿದಳು.

"ಅಜ್ಜಿ, ಈ ಕೇಂದ್ರದಿಂದ ನಿಮ್ಮ ತೋಟಕ್ಕೆ ಒಳ್ಳೇದಾಗಿದೆಯಾ?"

"ಏನ್ ಒಳ್ಳೇದೋ ಬುಡವ್ವ. ಒಲೆಗೆ ನಾಕ್ ಗರಿ ಬಿದ್ರೆ ಅದೇ ದೊಡ್ದು."

"ಕಾಯಿ ಚೆನ್ನಾಗಿ ಬರ್ತಿದೆಯಾ?"

"ಎಲ್ ಬತ್ತೈತೆ ಕಣವ್ವ? ಏನೋ ಚಟ್ನಿಗಾಗೋವಷ್ಟು."

ಈ ಮಾತು ಹೇಳುವಾಗ ಅತ್ತೆಯ ತಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿಗೆಂದು ಹಾಕಿದ ಕಾಯಿ ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಹುಡುಗಿ ಒತ್ತಬೇಕಾದ್ದನ್ನು ಒತ್ತಿಕೊಂಡು ಹೋದಳು. ಪಕ್ಕದಲ್ಲೇ ನಿಂತಿದ್ದ ನನಗೂ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಏಕೆಂದರೆ ನಮ್ಮ ಕಡೆ ಎಲ್ಲರೂ ಮಾತಾಡುವುದೇ ಹಾಗೆ. ಎಮ್ಮೆ ಹಾಲು ಹೇಗೆ ಕೊಡುತ್ತಿದೆ ಎಂದರೆ "ಏನೋ ಕಾಫಿಗಾಯ್ತೈತೆ" ಅನ್ನುತ್ತೇವೆ. ಮಗು ದುಂಡಗಿದ್ದರೆ "ಏನೂ ತಿನ್ನಲ್ಲ" ಅನ್ನುತ್ತೇವೆ. ಇರುವುದನ್ನು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಗುಲುತ್ತದೆ, ಅದರಲ್ಲೂ ಹೊರಗಿನವರ ಮುಂದೆ, ಅದರಲ್ಲೂ ಬರೆದುಕೊಳ್ಳುವವರ ಮುಂದೆ. ಇದನ್ನು ಮೌಢ್ಯವೆನ್ನಿ, ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಊರೂರು ಸುತ್ತಿ "ನೀವು ಚೆನ್ನಾಗಿದ್ದೀರಾ" ಎಂದು ಕೇಳುವ ಮೊದಲು, ಇಲ್ಲಿ ಚೆನ್ನಾಗಿರುವವರು ಆ ಪ್ರಶ್ನೆಗೆ ಏನು ಹೇಳುತ್ತಾರೆಂದು ಯಾರನ್ನಾದರೂ ವಿಚಾರಿಸಬಾರದಿತ್ತೇ? ಸಮಾಜಶಾಸ್ತ್ರಕ್ಕೂ ತಮ್ಮಲ್ಲಿ ಒಂದು ವಿಭಾಗವಿದೆ ಎಂದು ಕೇಳಿದ್ದೇನೆ.

ಮುಚ್ಚುವ ಸುದ್ದಿ ಬಂದ ಮೇಲೆ ನಮಗೆ ಕೈಕಾಲು ಆಡಲಿಲ್ಲ. ತಮ್ಮ ವಿಭಾಗದ ಅಧಿಕಾರಿಯೊಬ್ಬರು ಅಹವಾಲು ಕೇಳಲು ಕೇಂದ್ರಕ್ಕೆ ಬರುತ್ತಾರೆಂದು ತಿಳಿದು ಟೆಂಪೋ ಮಾಡಿಕೊಂಡು ಹೋದೆವು. ನಮ್ಮ ಪಕ್ಕದ ತೋಟದ ಕರಿಯಪ್ಪಣ್ಣನ ದನಿ ದೊಡ್ಡದು, ಅವರೇ ಮಾತಾಡಲಿ ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟೆವು. ಅಲ್ಲಿ ಹೋದರೆ ಹತ್ತೂರಿನ ಜನ ಸೇರಿದ್ದರು. ಅಧಿಕಾರಿ ಮರ್ಯಾದೆಯಿಂದಲೇ ಕೇಳಿದರು: "ಹಾಗಾದರೆ ನಿಮ್ಮ ತೋಟ ಈಗ ಚೆನ್ನಾಗಿದೆ ಅಲ್ಲವೇ ಯಜಮಾನರೇ?" ಕರಿಯಪ್ಪಣ್ಣ ಎದ್ದು ನಿಂತರು. ಸುತ್ತಲಿದ್ದ ಮುಖಗಳನ್ನೆಲ್ಲ ನೋಡಿದರು. ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು.

"ಏನೋ ಸಾ, ಶಿವ ಮಡಗ್ದಂಗೈತೆ."

ವಾಪಸು ಬರುವಾಗ ಟೆಂಪೋದಲ್ಲಿ ನಾನೇ "ಯಾಕಣ್ಣ ಹಂಗಂದ್ರಿ?" ಎಂದೆ. "ಬಾಯಿಗೇ ಬರ್ಲಿಲ್ಲ ಕಣಮ್ಮ. ಅಷ್ಟ್ ಜನದ ಮುಂದೆ ಚೆನ್ನಾಗೈತೆ ಅಂದ್ಬುಟ್ರೆ ಉಳೀತದಾ?" ಎಂದು ಅವರು ಮುಖ ಆಚೆ ತಿರುಗಿಸಿದರು. ಅವರಿಗೆ ಬಯ್ಯುವ ಮನಸ್ಸಾಗಲಿಲ್ಲ.

ಟೆಂಪೋ ಹತ್ತುವ ಮೊದಲು ನಾನು ಅಧಿಕಾರಿಯ ಕಾರಿನ ತನಕ ಹೋಗಿ, ಅತ್ತೆ ಅಂದು ಹೇಳಿದ್ದು ನಿಜವಲ್ಲ, ತಿದ್ದಿಕೊಳ್ಳಿ ಎಂದು ಬೇಡಿಕೊಂಡಿದ್ದೆ. ಮುಚ್ಚುತ್ತಾರೆಂದು ತಿಳಿದ ಮೇಲೆ ಬದಲಾಯಿಸಿದ ಉತ್ತರವನ್ನು ಪರಿಗಣಿಸುವಂತಿಲ್ಲ, ಅದು ವಸ್ತುನಿಷ್ಠವಾಗುವುದಿಲ್ಲ ಎಂದರು. ಅವರ ಮಾತೂ ನ್ಯಾಯವೇ. ಭಯವಿಲ್ಲದಾಗ ನಾವು ನಿಜ ಹೇಳಲಿಲ್ಲ, ಭಯವಾದ ಮೇಲೆ ಹೇಳಿದ ನಿಜ ತಮಗೆ ಬೇಡ. ಇನ್ನು ಯಾರ ಹತ್ತಿರ ಹೋಗಲಿ ನಾನು?

ಈ ಸಲ ಕೊಳವೆ ಕೊಡಲಿಲ್ಲ. ಸಾಕುವ ಕೋಣೆಯ ಕಣಜಗಳು ಸತ್ತರೆ ಸಂತತಿಯೇ ಹೋಯಿತು, ಮತ್ತೆ ಮೊದಲಿಂದ ಎಬ್ಬಿಸುವುದು ಸುಲಭವಲ್ಲ ಎಂದು ಅಲ್ಲಿಯವರೇ ಹೇಳುತ್ತಾರೆ. ಮೊನ್ನೆ ಕರಿಯಪ್ಪಣ್ಣನ ತೋಟದ ಮೂಲೆಯ ಮರದಲ್ಲಿ ಕೆಳಗಿನ ಗರಿಗಳು ಕಂದಿರುವುದನ್ನು ಕಂಡೆ. ನೋಡಿದವಳೇ ಅಲ್ಲೇ ಕುಳಿತುಬಿಟ್ಟೆ.

ನನ್ನ ಬೇಡಿಕೆ ಇಷ್ಟು. ಆ ಕೋಣೆಗೆ ಬೀಗ ಹಾಕಬೇಡಿ, ಕಣಜಗಳನ್ನು ಸಾಯಲು ಬಿಡಬೇಡಿ. ಅಳೆಯಲೇಬೇಕೆಂದರೆ ನಮ್ಮ ಬಾಯನ್ನು ಕೇಳಬೇಡಿ, ತೋಟಕ್ಕೆ ಬಂದು ತಲೆಯೆತ್ತಿ ಗರಿ ನೋಡಿ. ಅದೂ ಆಗದು, ಬಾಯಿಮಾತೇ ಬೇಕು ಎನ್ನುವುದಾದರೆ, ಈ ಪತ್ರ ಬರೆಯುವಾಗ ಪಕ್ಕದಲ್ಲಿ ಕೂತಿದ್ದ ಅತ್ತೆ "ಬರಿ, ಏನಾರ ಆಗ್ಲಿ, ಬರಿ" ಎಂದಿದ್ದಾರೆ. ಹೇಳಿದವರೇ ಎದ್ದು ಉಪ್ಪು, ಮೆಣಸಿನಕಾಯಿ ಹಿಡಿದು ತೋಟಕ್ಕೆ ನಿವಾಳಿಸಲು ಹೋಗಿದ್ದಾರೆ. ಅವರು ಬರುವುದರೊಳಗೆ ಬರೆದುಬಿಡುತ್ತೇನೆ: ನಮ್ಮ ತೋಟ ಚೆನ್ನಾಗಿದೆ, ಮಾನ್ಯರೇ. ತುಂಬಾ ಚೆನ್ನಾಗಿದೆ. ಈ ಮಾತು ಸುಳ್ಳಾಗುವ ಮೊದಲು ಬನ್ನಿ.

ಇಂತಿ,
ತಮ್ಮ ಲೆಕ್ಕದ ಪ್ರಕಾರ ಯಾವ ಪ್ರಯೋಜನವನ್ನೂ ಪಡೆಯದ
ಸುನಂದಾ ರಂಗನಾಥ್
ಹಂದನಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು