ಶಿವನಿ ಸ್ಟಾಪಿನ ದನಿ

ತರೀಕೆರೆ
೧೪ ನವೆಂಬರ್ ೨೦೨೫

ಪ್ರೀತಿಯ ಅಮ್ಮನಿಗೆ ತನುಜಾಳ ಶರಣು.

ಎಂಟು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೂ ಓದಿ ಹರಿ.

ನೀನು ಕೇಳಿದ ಸುದ್ದಿ ನಿಜ. ನಾನೂ ನಮ್ಮ ಆಫೀಸಿನ ವೇಣುವೂ ಸೇರಿ ಮಾಡಿದ ಮೊಬೈಲಿನ ಬಸ್ ಗೇಮ್ ತಿಂಗಳ ಕೊನೆಗೆ ನಿಂತುಹೋಗುತ್ತದೆ. ಬಸ್ಸಿನ ಹೆಸರು, ಬಣ್ಣ, ಹಾರ್ನ್ ಎಲ್ಲಾ ಸೋಮಶೇಖರಪ್ಪನವರ ಬಸ್ ಕಂಪನಿಯದು. ಅವನ್ನು ಬಳಸಲು ಅವರು ಕೊಟ್ಟ ಮೂರು ವರ್ಷದ ಲೈಸೆನ್ಸ್ ಮುಗಿಯಿತು. ಇನ್ನು ಬೇರೆ ಗೇಮ್ ಮಾಡುತ್ತೇವೆ, ಅದರಲ್ಲಿ ಬಸ್ಸಿಲ್ಲ. ಆಡುವವರು ದಿನಾ ಬೈದು ಬರೆಯುತ್ತಾರೆ. ಹಿರೇನಲ್ಲೂರಿನ ದೇವರಾಜ ಎನ್ನುವವರು ಆಫೀಸಿಗೇ ಬಂದು, ‘ಆ ಕಂಡಕ್ಟ್ರು ದನಿ ಇಲ್ದೆ ಇನ್ನೇನ್ ಆಡೋದು ಕಣ್ರೀ’ ಎಂದು ಕೂತುಬಿಟ್ಟರು. ಆ ಕಂಡಕ್ಟರಿಗೆ ದನಿ ಕೊಟ್ಟವರು ನಮ್ಮಪ್ಪ ಎಂದು ನಾನು ಹೇಳಲಿಲ್ಲ.

ನಿನಗೆ ಅದು ಆಟವಲ್ಲ, ಗೊತ್ತು. ಅಪ್ಪ ಹೋದಮೇಲೆ ದಿನಾ ಹೊಲಿಗೆ ಮಿಷನ್ನಿಗೆ ಫೋನ್ ಒರಗಿಸಿ ಕಡೂರಿನಿಂದ ಬಸ್ ಬಿಡುತ್ತೀಯ. ಬೀರೂರು, ಅಜ್ಜಂಪುರ ದಾಟಿ ಶಿವನಿ ಬಂದಾಗ ಅಪ್ಪ ಉಸಿರು ತಡೆದು, ಆಮೇಲೆ ಊರಿನ ಹೆಸರು ಕೂಗುತ್ತಾರಲ್ಲ, ಅದನ್ನು ಕೇಳಿಯೇ ಆಫ್ ಮಾಡುವುದು. ‘ನನ್ನ ತವರೂರು ಅಂತ ಬೇಕಂತ್ಲೇ ಎಳೀತಾರೆ ಕಣೇ’ ಎಂದು ನೀನು ನಗುತ್ತೀಯ.

ನಿನಗೊಂದು ಸುಳ್ಳು ಹೇಳಿದ್ದೇನೆ. ಸೋಮಶೇಖರಪ್ಪನವರು ಲೈಸೆನ್ಸ್ ಇನ್ನೆರಡು ವರ್ಷ ಕೊಡುತ್ತೇನೆಂದಿದ್ದರು. ಬೇಡವೆಂದವಳು ನಾನೇ. ಆಫೀಸಿನಲ್ಲಿ ಯಾರು ಆ ಗೇಮ್ ತೆರೆದರೂ ಬೆನ್ನ ಹಿಂದೆ ಅಪ್ಪ ನಿಂತ ಹಾಗಾಗುತ್ತದೆ. ಸೌಂಡ್ ಪೂರ್ತಿ ತೆಗೆದಿದ್ದರೂ ಶಿವನಿ ಹತ್ತಿರ ಆ ಉಸಿರು ನನಗೆ ಕೇಳುತ್ತದೆ. ಮಾವನ ಮಗಳ ಮದುವೆಗೆ ಶಿವನಿಗೆ ಬರದಿದ್ದಾಗ ಕೆಲಸದ ನೆಪ ಹೇಳಿದ್ದೆ. ಶಿವನಿಯ ಬೋರ್ಡು ಓದುವ ಧೈರ್ಯ ಇರಲಿಲ್ಲ. ನಮ್ಮಪ್ಪನ ದನಿಗೇ ಹೆದರುತ್ತೇನೆ ಅಮ್ಮಾ.

ಅಪ್ಪ ಗೇಮಿಗೆ ದನಿ ಕೊಟ್ಟ ದಿನದ ರೆಕಾರ್ಡಿಂಗ್, ಕತ್ತರಿಸದೆ ಇರುವುದು, ಈ ಪೆನ್‌ಡ್ರೈವ್‌ನಲ್ಲಿದೆ. ಟಿವಿಗೆ ಚುಚ್ಚಿದರೆ ಕೇಳುತ್ತದೆ. ಗೇಮ್ ಹೋದರೂ ಇದು ನಿನ್ನ ಹತ್ತಿರ ಇರಲಿ. ಪೂರ್ತಿ ಕೇಳಿದ ಮೇಲೂ ನಾನು ಮಗಳು ಅನ್ನಿಸಿದರೆ ಫೋನ್ ಎತ್ತು.

ನಿನ್ನ
ತನುಜಾ

ಮೇಲೆ ಬರೆಯಲಾಗದ್ದು: ಅಪ್ಪ ಉಸಿರು ತಡೆದದ್ದು ತಮಾಷೆಗಲ್ಲ. ‘ಎದೆ ಹಿಡ್ಕಂಡಂಗೆ ಆಗ್ತೈತೆ, ಸಾಕು ಬಿಡೇ, ನಿಮ್ಮಮ್ಮಂಗೆ ಹೇಳ್ಬೇಡ’ ಅಂದಿದ್ದರು. ಮೂರನೇ ದಿನ ಹೋದರು. ಅವರು ಸಾಕು ಅಂದ ಮೇಲೆ ‘ಇನ್ನೊಂದ್ಸಲ ಅಪ್ಪಾ’ ಎಂದು ಕೇಳಿಸುವುದು ನನ್ನ ದನಿ. ಏಳು ಸಲ ಹಾಗೆ ಅವರನ್ನು ಕೇಳಿಕೊಂಡಿದ್ದೇನೆ. ಏಳು ಸಲವೂ ಅವರು ಕೂಗಿದ್ದಾರೆ.